ಸಂಪಾದಕರ ಉತ್ತರ: ಮಗಳ ಪರೀಕ್ಷೆಯೂ ತಾಯಿಯ ಹರಕೆಯೂ

ಪ್ರಿಯ ಸಹೋದರಿ,

ಹೊನ್ನಾವರ ತಾಲೂಕಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳಿ, ನೀವು ಕೇಳಿಕೊಂಡಂತೆ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ನಿಮ್ಮ ಮಗಳು ಈ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿದ್ದಾಳೆ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಅವಳಿಗೆ 80ಕ್ಕೆ 26 ಅಂಕ ಬಂದಿದೆ. ಅಂದಿನಿಂದ ರಾತ್ರಿಯ ಜಪಸರ ಮುಗಿದ ಮೇಲೆ ನೀವು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಅಂಕಗಳಿಗಾಗಿ ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದೀರಿ; ಡಿಸ್ಟಿಂಕ್ಷನ್ ಬಂದರೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಅವಳಷ್ಟೇ ಎತ್ತರದ ಮೇಣದಬತ್ತಿ ಒಪ್ಪಿಸುವುದಾಗಿ ಹರಕೆ ಹೊತ್ತಿದ್ದೀರಿ; ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಅವಳಿಂದಲೂ ಒಪ್ಪತ್ತು ಮಾಡಿಸುತ್ತಿದ್ದೀರಿ. ಕಳೆದ ವಾರ ಅವಳು ಪ್ರಾರ್ಥನೆಯ ನಡುವೆಯೇ ಎದ್ದು, "ಅಮ್ಮಾ, ನೀನು ಪ್ರಾರ್ಥನೆ ಮಾಡಿದಷ್ಟೂ ನನಗೆ ಹೆದರಿಕೆ ಹೆಚ್ಚಾಗ್ತದೆ" ಎಂದು ಒಳಗೆ ಹೋದಳಂತೆ. ಇದು ಅವಳ ವಿಶ್ವಾಸದ ಕೊರತೆಯೇ, ನಿಮ್ಮ ಪ್ರಾರ್ಥನೆಯಲ್ಲೇ ಏನಾದರೂ ತಪ್ಪಿದೆಯೇ, ಮಕ್ಕಳ ಪರೀಕ್ಷೆಗೆ ಹೇಳಬೇಕಾದ ಸರಿಯಾದ ಪ್ರಾರ್ಥನೆ ಯಾವುದು ಎಂದು ಕೇಳಿದ್ದೀರಿ.

ವಿಶ್ವಾಸದ ಕೊರತೆ ಖಂಡಿತ ಅಲ್ಲ. ನಿಮ್ಮ ಮಗಳು ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿಸಿಕೊಂಡಿದ್ದಾಳೆ, ಆದ್ದರಿಂದಲೇ ಹೆದರಿದ್ದಾಳೆ. ನೀವು ದೇವರಿಗೆ ಹೇಳಿದ ಮಾತು ಮೊದಲು ತಲುಪಿದ್ದು ಪಕ್ಕದಲ್ಲಿ ಕೂತಿದ್ದ ಅವಳ ಕಿವಿಗೆ. "ಪ್ರಭುವೇ, ಇವಳು ನಮ್ಮ ಮರ್ಯಾದೆ ಉಳಿಸಲಿ, ಒಳ್ಳೆಯ ಅಂಕ ತರಲಿ" ಎಂಬ ಪ್ರಾರ್ಥನೆಯಲ್ಲಿ ದೇವರ ಕಿವಿಗೆ ಬೀಳುವುದು ತಾಯಿಯ ಕಳಕಳಿ, ಮಗುವಿನ ಕಿವಿಗೆ ಬೀಳುವುದು ಎಚ್ಚರಿಕೆ. ಶಾಲೆಯಲ್ಲಿ ಶಿಕ್ಷಕರು, ಮನೆಯಲ್ಲಿ ತಾಯಿ, ಈಗ ದೇವರೂ ಅಂಕಪಟ್ಟಿಗೆ ಕಾದು ಕೂತಿದ್ದಾನೆ ಎಂದು ಅನಿಸಿಬಿಟ್ಟರೆ ಆ ಮಗು ಯಾರ ಬಳಿಗೆ ಓಡಬೇಕು?

ಕನ್ನಡದಲ್ಲಿ ಪರೀಕ್ಷೆ ಎಂಬ ಒಂದೇ ಪದವನ್ನು ನಾವು ಶಾಲೆಯ ಹಾಲಿಗೂ ಬಳಸುತ್ತೇವೆ, ಶುಭಸಂದೇಶದಲ್ಲಿ ಸೈತಾನನು ಯೇಸುವನ್ನು ಶೋಧಿಸಿದ ಅಡವಿಗೂ ಬಳಸುತ್ತೇವೆ. ಮತ್ತಾಯನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದಾಗ, ದೇವರನ್ನು ಪರೀಕ್ಷಿಸಬಾರದು ಎಂದು ಅವರು ಉತ್ತರಿಸುತ್ತಾರೆ. ಇಷ್ಟು ಅಂಕ ಬಂದರೆ ಇಷ್ಟೆತ್ತರದ ಮೇಣದಬತ್ತಿ ಎಂಬ ಮಾತು, ನಾವು ಎಷ್ಟೇ ಭಕ್ತಿಯಿಂದ ಆಡಿದರೂ, ಆ ಶಿಖರದಿಂದ ಬಹಳ ದೂರವಿಲ್ಲ. ಆದರೆ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಅದರ ಹಿಂದಿನ ಅಧ್ಯಾಯದ ಮಾತನ್ನು. ಯೊರ್ದಾನ್ ನದಿಯಲ್ಲಿ ದೀಕ್ಷಾಸ್ನಾನವಾದ ಕೂಡಲೇ, ಇವನು ನನ್ನ ಪ್ರಿಯ ಪುತ್ರ, ಇವನನ್ನು ಮೆಚ್ಚಿದ್ದೇನೆ ಎಂಬ ತಂದೆಯ ವಾಣಿ ಕೇಳಿಸುತ್ತದೆ. ಆಗ ಯೇಸು ಒಂದು ಬೋಧನೆಯನ್ನೂ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ತಂದೆಯ ಮೆಚ್ಚುಗೆ ಮೊದಲು ಬಂತು, ಪರೀಕ್ಷೆ ಆಮೇಲೆ. ನಮ್ಮ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೆಚ್ಚುಗೆಯನ್ನು ಫಲಿತಾಂಶದ ದಿನಕ್ಕೆಂದು ಬೀಗ ಹಾಕಿ ಇಟ್ಟಿರುತ್ತೇವೆ.

ಈಗ ಹರಕೆಯ ವಿಚಾರ. ಕುಮಟಾ-ಹೊನ್ನಾವರಗಳ ನಡುವೆ ಇರುವ ಚಂದಾವರದಲ್ಲಿ ಪ್ರತಿ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುವುದನ್ನು ನಾನೂ ಕಂಡಿದ್ದೇನೆ, ಆ ಭಕ್ತಿಯ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ಆ ಸಂತರ ಬದುಕನ್ನು ಮಗಳಿಗೆ ಒಮ್ಮೆ ಹೇಳಿ ನೋಡಿ. ಅವರು ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಯೇ ಪಾಠ ಹೇಳಿದವರು, ಬುದ್ಧಿವಂತರು. ಗೋವೆಗೆ ಬಂದರು, ಜಪಾನಿನವರೆಗೆ ಹೋದರು. ಕೊನೆಗೆ ಚೀನಾ ದೇಶವನ್ನು ಪ್ರವೇಶಿಸಲೇಬೇಕೆಂಬ ಹಂಬಲದಿಂದ ಅದರ ಕರಾವಳಿಗೆ ಸಮೀಪದ ಒಂದು ದ್ವೀಪದಲ್ಲಿ ಹಡಗಿಗಾಗಿ ಕಾಯುತ್ತ, ಜ್ವರ ಹಿಡಿದು, 1552ರ ಡಿಸೆಂಬರ್ 3ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚೀನಾದೊಳಕ್ಕೆ ಅವರು ಕಾಲಿಡಲೇ ಇಲ್ಲ. ನಾವು ಚಂದಾವರದಲ್ಲಿ ಹಬ್ಬ ಮಾಡುವ ದಿನ, ಅವರು ಹೊರಟ ಕೆಲಸ ಕೈಗೂಡದೆ ನಿಂತ ದಿನವೇ ಆಗಿದೆ. ಅಂಥ ಸಂತರ ಮುಂದೆ ಡಿಸ್ಟಿಂಕ್ಷನ್ ಬಂದರೆ ಮಾತ್ರ ಬತ್ತಿ ಹಚ್ಚುತ್ತೇನೆ ಎನ್ನುವುದು ಸರಿಯೇ ಎಂದು ನೀವೇ ಯೋಚಿಸಿ. ಸ್ವಂತವಾಗಿ ಹೊತ್ತ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ಕಾರ್ಯಕ್ಕೆ ಬದಲಿಸಿಕೊಳ್ಳಲು ಹೊತ್ತವರಿಗೇ ಕಥೋಲಿಕ ಧರ್ಮಸಭೆಯ ಕಾನೂನು ಅವಕಾಶ ಕೊಟ್ಟಿದೆ. ಮನಸ್ಸಿಗೆ ಅಳುಕಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ಮಾತಾಡಿ. ಮೇಣದಬತ್ತಿ ಹಾಗೇ ಇರಲಿ, ಷರತ್ತನ್ನು ತೆಗೆದುಬಿಡಿ. ತೆಗೆದಿದ್ದೀರೆಂದು ಮಗಳಿಗೆ ಬಾಯಿಬಿಟ್ಟು ಹೇಳಿ.

ಒಪ್ಪತ್ತನ್ನಂತೂ ಈ ಶುಕ್ರವಾರವೇ ನಿಲ್ಲಿಸಬೇಕು. ಉಪವಾಸದ ನಿಯಮ 18 ತುಂಬಿದವರಿಗೆ ಮಾತ್ರ ಅನ್ವಯಿಸುತ್ತದೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು. 14 ತುಂಬಿದವರು ಪಾಲಿಸಬೇಕಾದದ್ದು ಮಾಂಸವರ್ಜನೆಯನ್ನಷ್ಟೇ, ಅದರಲ್ಲಿ ಮೀನು ಸೇರುವುದಿಲ್ಲ. (ನಮ್ಮ ಕರಾವಳಿಯವರಿಗೆ ಮೀನು ಬಿಡುವುದೇ ನಿಜವಾದ ತ್ಯಾಗ ಎಂಬುದು ಬೇರೆ ಮಾತು.) ಹದಿನೈದು ವರ್ಷದ ಹುಡುಗಿ ಖಾಲಿ ಹೊಟ್ಟೆಯಲ್ಲಿ ಪ್ರಮೇಯ ಬಿಡಿಸಬೇಕೆಂದು ಧರ್ಮಸಭೆ ಎಲ್ಲಿಯೂ ಕೇಳಿಲ್ಲ.

ಈ ಸಂದರ್ಭಕ್ಕೆ ನನಗೆ ನೆನಪಾಗುವುದು ಪ್ರವಾದಿ ಎಲೀಯ. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಅವನು ಪ್ರಾಣಭಯದಿಂದ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೇವರು ಅವನಿಗೆ ಆಗ ಉಪದೇಶ ಮಾಡಲಿಲ್ಲ, ವಿಶ್ವಾಸ ಎಲ್ಲಿ ಹೋಯಿತು ಎಂದು ಗದರಲೂ ಇಲ್ಲ. ಅವನು ನಿದ್ದೆ ಹೋದ. ದೂತನು ಮುಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು, ಕುಡಿದು, ಮತ್ತೆ ಮಲಗಿದ. ದೂತನು ಎರಡನೆಯ ಸಲ ಬಂದು ಎಬ್ಬಿಸಿ, ನಿನ್ನ ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು, ತಿನ್ನು ಎಂದ. ದೇವರೊಡನೆ ಮಾತುಕತೆ ನಡೆದದ್ದು ಹೋರೇಬ್ ಬೆಟ್ಟ ತಲುಪಿದ ಮೇಲೆ. ಪರೀಕ್ಷೆಯ ವಾರದಲ್ಲಿ ತಾಯಿ ಮಾಡುವ ಬಿಸಿ ಗಂಜಿ, ಹತ್ತು ಗಂಟೆಗೆ ಆರಿಸುವ ದೀಪ, ಟಿ.ವಿ.ಯ ಸದ್ದು ಇಳಿಸಿದ ಮನೆ, ಇವೆಲ್ಲವೂ ಆ ದೂತನ ಕೆಲಸವೇ. ಜಪಸರದ ಐದು ರಹಸ್ಯಗಳಿಗೆ, ಅಂದರೆ ಐದು ಭಾಗಗಳಿಗೆ, ಅವಳು ಕೂರಲಾರದಿದ್ದರೆ ಒಂದಕ್ಕೆ ಕೂರಲಿ, ಉಳಿದದ್ದನ್ನು ಅವಳು ಮಲಗಿದ ಮೇಲೆ ನೀವು ಒಬ್ಬರೇ ಹೇಳಿ.

ವಿದ್ಯಾರ್ಥಿಗಳ ಪಾಲಕ ಸಂತರ ಬಗ್ಗೆಯೂ ಕೇಳಿದ್ದೀರಿ. ಕುಪೆರ್ತಿನೋದ ಸಂತ ಜೋಸೆಫರಿಗೆ (1603-1663) ಓದು ಹತ್ತುತ್ತಲೇ ಇರಲಿಲ್ಲ, ಪರೀಕ್ಷಿಸಲು ಬಂದ ಧರ್ಮಾಧ್ಯಕ್ಷರು ಅವರಿಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ವಾಕ್ಯದ ಮೇಲೆ ಪ್ರಶ್ನೆ ಕೇಳಿದರು ಎಂಬ ಕಥೆ ಮಕ್ಕಳಿಗೆ ಬಹಳ ಪ್ರಿಯ. ನನಗೆ ಅಷ್ಟಾಗಿ ಅಲ್ಲ. ಅದನ್ನು ಕೇಳಿದ ಮಕ್ಕಳು ಓದಿದ ನಾಲ್ಕು ಇಂಪಾರ್ಟೆಂಟ್ ಪ್ರಶ್ನೆಗಳೇ ಬರಲಿ ಎಂದು ಬೇಡಿಕೊಳ್ಳಲು ತೊಡಗುತ್ತಾರೆ. ಸಂತ ತೋಮಾಸ್ ಅಕ್ವಿನಾಸರದು (1225-1274) ಎಂದು ಪರಂಪರೆಯಿಂದ ಬಂದಿರುವ ಓದಿನ ಮುನ್ನದ ಪ್ರಾರ್ಥನೆ ನನಗೆ ಹೆಚ್ಚು ಹಿಡಿಸುತ್ತದೆ. ಅದರಲ್ಲಿ ಬೇಡುವುದು ಗ್ರಹಿಸುವ ಚುರುಕು, ನೆನಪಿನ ಶಕ್ತಿ, ಕಲಿಯುವ ಕ್ರಮ, ಇಂಥವನ್ನು. ಗೆಲುವಿನ ಮಾತೇ ಅಲ್ಲಿಲ್ಲ.

ಲೌಕಿಕದ ಎರಡು ಮಾತನ್ನೂ ಸೇರಿಸುತ್ತೇನೆ. ಒಟ್ಟು 625 ಅಂಕಗಳಲ್ಲಿ ಗಣಿತದ ಪಾಲು 100, ಅದರಲ್ಲಿ 20 ಆಂತರಿಕ ಮೌಲ್ಯಮಾಪನದ್ದು. 2024ರಿಂದ ಮಂಡಳಿ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುತ್ತಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮಾರ್ಚಿನ ಒಂದು ಬೆಳಗ್ಗೆಯೇ ಬದುಕೆಲ್ಲ ತೀರ್ಮಾನವಾಗುತ್ತದೆ ಎಂಬ ಅವಳ ಹೆದರಿಕೆಗೆ ಈ ಮಾಹಿತಿಯೇ ಅರ್ಧ ಮದ್ದು. ಕಾರವಾರ, ಶಿರಸಿ ಎಂದು ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಫಲಿತಾಂಶದ ದಿನ ಯಾರು ಮೇಲೆ, ಯಾರು ಕೆಳಗೆ ಎಂಬ ಹೋಲಿಕೆ ನಡೆದೇ ನಡೆಯುತ್ತದೆ. ಅದನ್ನು ಅಧಿಕಾರಿಗಳಿಗೆ ಬಿಡಿ, ಘಟ್ಟದ ಮೇಲಿನ ಅಕ್ಕನ ಮಗನ ಅಂಕವನ್ನು ಮನೆಯೊಳಗೆ ತರಬೇಡಿ. ಅವಳು ಊಟ ನಿದ್ದೆ ಬಿಟ್ಟರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತಾಡಿದರೆ, ಪ್ರಾರ್ಥನೆಯೊಂದನ್ನೇ ನಂಬಿ ಕೂರಬೇಡಿ. 14416 ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ನೀವು ಕೇಳಿದ ಪ್ರಾರ್ಥನೆಯನ್ನು ನಾನೇ ಬರೆದು ಕೊಡುತ್ತಿದ್ದೇನೆ. ಇದನ್ನು ಕೊಂಕಣಿಯಲ್ಲೇ ಹೇಳಿಕೊಳ್ಳಿ. ಅವಳು ಊಟ ಕೇಳುವ ಭಾಷೆಯಲ್ಲಿಯೇ ದೇವರನ್ನೂ ಕೇಳಲಿ.

"ಪ್ರಭುವೇ, ಈ ಮಗಳನ್ನು ನಮಗೆ ಕೊಟ್ಟದ್ದಕ್ಕಾಗಿ, ಅವಳ ಅಂಕ ಗೊತ್ತಾಗುವ ಮೊದಲೇ, ನಿನಗೆ ವಂದನೆ. ಅವಳು ಇವತ್ತು ಓದಿದ್ದು ನೆನಪಿನಲ್ಲಿ ನಿಲ್ಲಲಿ. ತಿಳಿಯದ್ದನ್ನು ಕೇಳುವ ಧೈರ್ಯ ಅವಳಿಗೆ ಬರಲಿ. ರಾತ್ರಿ ಒಳ್ಳೆಯ ನಿದ್ದೆ ಕೊಡು. ಅವಳ ಪಕ್ಕದ ಬೆಂಚಿನ ಮಕ್ಕಳನ್ನೂ ಕಾಪಾಡು. ನನ್ನ ಅಂಜಿಕೆಯನ್ನು ಅವಳ ತಲೆಯ ಮೇಲೆ ಹೊರಿಸದಂತೆ ನನ್ನನ್ನು ತಡೆ. ಆಮೆನ್."

ಪತ್ರದ ಕೊನೆಯಲ್ಲಿ, ಕುವೈತಿನಲ್ಲಿರುವ ಅವಳ ತಂದೆ ಪ್ರತಿ ರಾತ್ರಿ ಫೋನಿನಲ್ಲಿ "ಎಷ್ಟು ಬರಬಹುದು" ಎಂದು ಕೇಳುತ್ತಾರೆ ಎಂದಿದ್ದೀರಿ. ಈ ಪುಟವನ್ನು ಅವರಿಗೂ ಕಳಿಸಿ. ಮಗಳು ಪರೀಕ್ಷಾ ಕೇಂದ್ರಕ್ಕೆ ಹೊರಡುವ ಎಂಟೂವರೆಗೆ ಅಲ್ಲಿ ಬೆಳಿಗ್ಗೆ ಆರು ಗಂಟೆ. ಡ್ಯೂಟಿಗೆ ಹೋಗುವ ಮುನ್ನ ಒಂದು ನಿಮಿಷ ಕರೆ ಮಾಡಿ, ಅಂಕದ ಮಾತೆತ್ತದೆ, ಅವಳ ಹೆಸರು ಹಿಡಿದು ಆಶೀರ್ವದಿಸಲಿ.