ವಾಪಸ್ ಹೋದ ಅರ್ಧ ಚಕ್ಕುಲಿ

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: ಮಗಳಿಗೆ ಎರಡು ವರ್ಷ ಹತ್ತು ತಿಂಗಳು. ಚಪ್ಪಲಿ ತಾನೇ ಹಾಕಿಕೊಳ್ಳಬೇಕು, ಅದೂ ಅದಲುಬದಲಾಗಿ. ಯಾರಾದರೂ ಸರಿಮಾಡಹೋದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಮೊನ್ನೆ ಚಕ್ಕುಲಿ ಡಬ್ಬಿಯ ಮುಂದೆ ಕೂತು "ಊಟ ಆದ್ಮೇಲೆ, ಊಟ ಆದ್ಮೇಲೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ಒಂದನ್ನು ಮುರಿದು ಬಾಯಿಗಿಟ್ಟಳಂತೆ. ಉಳಿದರ್ಧ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದಳಂತೆ. "ಈಗಲೇ ಹಠ ಮುರೀದಿದ್ರೆ ಮುಂದೆ ಕೈಗೆ ಸಿಗಲ್ಲ ಅಂತಾರೆ ಅತ್ತೆ. ನಾನು ನಗಬೇಕೋ, ಬಯ್ಯಬೇಕೋ?"

ಸಂಪಾದಕರ ಉತ್ತರ:

ನಗಿ. ಆದರೆ ಒಳಕೋಣೆಗೆ ಹೋಗಿ ನಗಿ. ಎದುರಿಗೆ ನಕ್ಕರೆ ನಾಳೆ ಅದೇ ಆಟವಾಗುತ್ತದೆ.

ನಿಮಗೆ ತಿಂದ ಅರ್ಧದ ಚಿಂತೆ, ನನಗೆ ಕಂಡದ್ದು ವಾಪಸ್ ಹೋದ ಅರ್ಧ. ವರ್ಷದ ಹಿಂದೆ ಆ ಡಬ್ಬಿ ಕೈಗೆ ಸಿಕ್ಕಿದ್ದರೆ ಒಂದಾದರೂ ಉಳಿಯುತ್ತಿತ್ತೇ?

ಇನ್ನು ಆ "ಊಟ ಆದ್ಮೇಲೆ". ಅದು ನಿಮ್ಮದೇ ಮಾತು, ಬಹುಶಃ ರಾಗವೂ ನಿಮ್ಮದೇ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ, 1934ರಲ್ಲೇ ತೀರಿಕೊಂಡವರು, ಇದನ್ನು ಗಮನಿಸಿದ್ದರು. ದೊಡ್ಡವರಿಂದ ಕೇಳಿದ ಮಾತನ್ನು ಮಗು ಆಮೇಲೆ ಗಟ್ಟಿಯಾಗಿ ತನಗೇ ಹೇಳಿಕೊಳ್ಳುತ್ತದೆ; ಕ್ರಮೇಣ ಅದು ಸದ್ದಿಲ್ಲದೆ ಮನಸ್ಸಿನೊಳಗೆ ಇಳಿಯುತ್ತದೆ. ನಿಮ್ಮ ಮಗಳ ಬಾಯಿ ಕಲಿತಿದೆ, ಕೈ ಇನ್ನೂ ಕಲಿಯಬೇಕು. ಕೈ ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಹಣೆಯ ಹಿಂದಿರುವ ಮಿದುಳಿನ ಭಾಗದ್ದು. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಐವತ್ತು ದಾಟಿದ ನಾನೂ "ಸಕ್ಕರೆ ಬಿಟ್ಟಿದ್ದೀನಿ" ಎನ್ನುತ್ತಲೇ ಕಚೇರಿಯಲ್ಲಿ ಹಂಚಿದ ಮೈಸೂರುಪಾಕಿಗೆ ಕೈ ಚಾಚುವವನು. ಅದಿರಲಿ.

ಅತ್ತೆಯವರ ಅನುಭವ ದೊಡ್ಡದು, ಆದರೆ ಹಠ ಮುರಿಯುವ ಮಾತನ್ನು ನಾನು ಒಪ್ಪುವುದಿಲ್ಲ. ಚಪ್ಪಲಿಗಾಗಿ ನಿಮ್ಮೆಲ್ಲರ ಜೊತೆ ಸೆಣಸುವ ಹಠವೇ ಆ ಹೊತ್ತು ಚಕ್ಕುಲಿಯ ಆಸೆಯ ಜೊತೆಗೂ ಸೆಣಸಿತು. ಅರ್ಧ ಸೋತಿತು, ಅಷ್ಟೇ. ಹೊರಳಾಡುವಾಗ ಬುದ್ಧಿಮಾತು ಕಿವಿಗೆ ಬೀಳುವುದಿಲ್ಲ; ಪೆಟ್ಟಾಗದಂತೆ ನೋಡಿಕೊಂಡು ಸುಮ್ಮನೆ ಪಕ್ಕದಲ್ಲಿ ಕೂತಿರಿ. ಅದಲುಬದಲು ಚಪ್ಪಲಿಯಲ್ಲೇ ಅಂಗಡಿಗೆ ಹೋಗಿಬಂದರೆ ಯಾರ ಗಂಟೂ ಹೋಗುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ತಿಂಡಿಯಿಟ್ಟು, ಕಾದರೆ ಹೆಚ್ಚು ಕೊಡುವುದಾಗಿ ಹೇಳಿ ಪ್ರಯೋಗ ಮಾಡಿದ್ದು ನೀವು ಕೇಳಿರಬಹುದು. ತಿಂಡಿ ಕಣ್ಣಿಗೆ ಕಾಣದಿದ್ದಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಹಾಗಾಗಿ ಡಬ್ಬಿ ಮೇಲಿನ ಅಟ್ಟಕ್ಕೆ ಹೋಗಲಿ. ಎರಡೂಮುಕ್ಕಾಲು ವರ್ಷದವಳಿಗೆ ದಿನವೂ ಪರೀಕ್ಷೆ ಬೇಡ. ನನಗೆ ಇದಕ್ಕಿಂತ ಹಿಡಿಸಿದ್ದು 2013ರಲ್ಲಿ ಅಮೆರಿಕದ್ದೇ ಆದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ. ಅಲ್ಲಿ ಮೊದಲೇ ಕೆಲವು ಮಕ್ಕಳಿಗೆ ಚಿತ್ರ ಬಿಡಿಸಲು ಚೆಂದದ ಬಣ್ಣದ ಸಾಮಾನು ತರುತ್ತೇವೆಂದು ಹೇಳಿ ತಂದುಕೊಟ್ಟರು, ಉಳಿದವರಿಗೆ ಹೇಳಿ ಬರಿಗೈಯಲ್ಲಿ ಬಂದರು. ಆಮೇಲೆ ತಿಂಡಿಯಿಟ್ಟಾಗ ಮಾತು ಉಳಿಸಿಕೊಂಡವರನ್ನು ನಂಬಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸಹೋದವರು 3 ನಿಮಿಷ.

"ಆಮೇಲೆ ಕೊಡ್ತೀನಿ" ಎಂದು ಹೇಳಿ ಮರೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಇವತ್ತು ಊಟ ಮುಗಿದು ಅವಳ ಕೈ ತೊಳೆಸಿದ ಕೂಡಲೇ, ಅವಳು ಕೇಳುವ ಮೊದಲೇ, ಡಬ್ಬಿ ಇಳಿಸಿ. ಆ ಅರ್ಧ ಚಕ್ಕುಲಿ ಇನ್ನೂ ಅದರಲ್ಲೇ ಇದ್ದರೆ ಮೊದಲು ಅದನ್ನೇ ಕೊಡಿ.