‘ಯಾರಿಗಾದರೂ ನೋವಾಗಿದ್ದರೆ’ ಅಂದರೆ ಕ್ಷಮೆ ಕೇಳಿದಂತಲ್ಲ

ಪ್ರಶ್ನೆ: ಮದ್ದೂರು ತಾಲ್ಲೂಕಿನ ನಮ್ಮೂರ ವಿದ್ಯಾಸಂಸ್ಥೆಯ ಶಾಲೆಗೆ ಈ ವರ್ಷ 75 ತುಂಬುತ್ತದೆ. ಅಮೃತ ಮಹೋತ್ಸವ ಸಮಿತಿಯಲ್ಲಿ ನಾನೂ ಇದ್ದೇನೆ. 1960ರ ದಶಕದಲ್ಲಿ ಇಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಬೇರೆ ಕೂರಿಸುತ್ತಿದ್ದರು. ಕುಡಿಯುವ ನೀರಿನ ಕೊಡವನ್ನು ಅವರು ಮುಟ್ಟುವಂತಿರಲಿಲ್ಲ, ಬೇರೆ ಯಾರಾದರೂ ಮೇಲಿಂದ ಹುಯ್ಯಬೇಕಿತ್ತು. ಅವರಲ್ಲಿ ಕೆಲವರು ಇನ್ನೂ ಊರಲ್ಲೇ ಇದ್ದಾರೆ. ಶಾಲೆಯ ಪರವಾಗಿ ಕ್ಷಮೆ ಕೇಳೋಣ ಅಂತ ನಾನು ಹೇಳಿದೆ. ‘ಆ ಮೇಷ್ಟ್ರುಗಳೆಲ್ಲ ತೀರಿಹೋದರು, ಆಗಿನ ಕಾಲವೇ ಹಾಗಿತ್ತು, ನಾವೇನು ಮಾಡಿದ್ದೇವೆ’ ಅಂತ ಕೆಲವರು ಎದ್ದು ನಿಂತರು. ಕೊನೆಗೆ ಸ್ಮರಣ ಸಂಚಿಕೆಯಲ್ಲಿ ‘ಹಿಂದೆ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ’ ಅಂತ ಒಂದು ಸಾಲು ಹಾಕುವುದು ಅಂತಾಗಿದೆ. ಇಷ್ಟು ಸಾಕೇ?

ಉತ್ತರ: ಸಾಲದು. ಆ ಒಂದು ಸಾಲು ಹಾಕುವುದಕ್ಕಿಂತ ಹಾಕದೇ ಇರುವುದೇ ಮೇಲು ಅನ್ನಿಸುತ್ತದೆ ನನಗೆ. ಆ ಸಾಲಿನಲ್ಲಿ ಏನು ನಡೆಯಿತು ಅಂತ ಇಲ್ಲ, ಯಾರು ಮಾಡಿದ್ದು ಅಂತ ಇಲ್ಲ, ಯಾರಿಗೆ ಮಾಡಿದ್ದು ಅಂತಲೂ ಇಲ್ಲ. ನೋವಾಯಿತೋ ಇಲ್ಲವೋ ಅನ್ನೋದನ್ನೂ ಅನುಮಾನದಲ್ಲೇ ಇಟ್ಟಿದ್ದೀರಿ. ಬೊಗಸೆ ಹಿಡಿದು ನೀರು ಕುಡಿದ ಮಗು ಈಗ ಎಪ್ಪತ್ತರ ಅಂಚಿನಲ್ಲಿರುವ ಮನುಷ್ಯ. ಆ ಸಾಲನ್ನು ಅವರು ಓದುತ್ತಾರೆ, ಅಲ್ವಾ?

ಮೊದಲು ‘ಆಗಿನ ಕಾಲವೇ ಹಾಗಿತ್ತು’ ಅನ್ನುವ ಮಾತು. ಇದನ್ನು ಸಮಿತಿಯಲ್ಲಿ ಗಟ್ಟಿಯಾಗಿ ಎತ್ತಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದ್ದು 1950ರಲ್ಲಿ. ಅದನ್ನು ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾಯ್ದೆ ಬಂದದ್ದು 1955ರಲ್ಲಿ. ನಿಮ್ಮ ಶಾಲೆಯಲ್ಲಿ ಇದು ನಡೆದದ್ದು 1960ರ ದಶಕದಲ್ಲಿ. ಅಂದರೆ ಆಗಿನ ಕಾಲದ ಕಾನೂನಿನಲ್ಲೇ ಅದು ಅಪರಾಧ. ಇವತ್ತಿನ ಕಣ್ಣಿಂದ ನೋಡಿ ತಪ್ಪು ಹುಡುಕುತ್ತಿದ್ದೇವೆ ಅನ್ನುವವರಿಗೆ ಈ ಇಸವಿಗಳನ್ನು ತೋರಿಸಿ.

ಇನ್ನು ‘ನಾವೇನು ಮಾಡಿದ್ದೇವೆ’ ಅನ್ನೋದು. ಇದು ಪ್ರಾಮಾಣಿಕ ಪ್ರಶ್ನೆ, ತಳ್ಳಿಹಾಕಬಾರದು. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ, ಅಂದರೆ ಘೆಟ್ಟೋದ, ಬಂಡಾಯದ ಸ್ಮಾರಕದ ಮುಂದೆ ಮಂಡಿಯೂರಿದರು. ಆ ಮನುಷ್ಯ ನಾಜಿ ಅಲ್ಲ. ನಾಜಿಗಳನ್ನು ವಿರೋಧಿಸಿ 1933ರಲ್ಲೇ ದೇಶ ಬಿಟ್ಟು ಹೋದವರು. ಅವರ ಕೈಗೆ ಏನೂ ಅಂಟಿರಲಿಲ್ಲ, ಆದರೂ ಅವತ್ತು ಅವರು ಜರ್ಮನಿಯ ಪರವಾಗಿ ಅಲ್ಲಿ ನಿಂತಿದ್ದರು. ಇದು ಅತಿಯಾಯಿತು ಅಂತ ಆಗ ಅವರ ದೇಶದಲ್ಲೇ ಬಹಳ ಜನ ಹೇಳಿದರು. ನಿಮ್ಮ ವಿಷಯಕ್ಕೆ ಬಂದರೆ, ಸಮಾರಂಭದಲ್ಲಿ ಸ್ಥಾಪಕರ ಹೆಸರು ಹೇಳುತ್ತೀರಿ, ಇಲ್ಲಿ ಓದಿ ದೊಡ್ಡವರಾದವರ ಪಟ್ಟಿ ಓದುತ್ತೀರಿ. ಆ ಒಳ್ಳೆಯದನ್ನು ಈಗಿನ ಸಮಿತಿಯವರು ಮಾಡಿದ್ದಲ್ಲ, ಆದರೂ ‘ನಮ್ಮ ಶಾಲೆ’ ಅನ್ನುತ್ತೀರಿ. ಹಾಗಿದ್ದ ಮೇಲೆ ಆ ನೀರಿನ ಕೊಡವೂ ನಿಮ್ಮ ಶಾಲೆಯದ್ದೇ.

ಎಲ್ಲಿ ಕೇಳುತ್ತೀರಿ ಅನ್ನೋದು ಬಹಳ ಮುಖ್ಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1914ರಲ್ಲಿ ಕೊಮಗಾಟ ಮಾರು ಅನ್ನುವ ಹಡಗು 376 ಜನರನ್ನು ಹೊತ್ತು ಕೆನಡಾದ ವ್ಯಾಂಕೂವರ್‌ಗೆ ಹೋಯಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರ ಬಂದವರಿಗೆ ಮಾತ್ರ ಪ್ರವೇಶ ಅಂತ ಅಲ್ಲಿನ ಸರ್ಕಾರ ನಿಯಮ ಮಾಡಿಟ್ಟಿತ್ತು, ಭಾರತೀಯರು ಬರದಂತೆ ತಡೆಯಲೆಂದೇ. ಎರಡು ತಿಂಗಳು ಹಡಗು ಬಂದರಿನಲ್ಲೇ ನಿಂತಿತು. ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನು ವಾಪಸ್ ಕಳಿಸಿದರು. ಕೋಲ್ಕತ್ತದ ಹತ್ತಿರ ಬಜ್‌ಬಜ್‌ನಲ್ಲಿ ಇಳಿದಾಗ ಬ್ರಿಟಿಷ್ ಸರ್ಕಾರ ಗುಂಡು ಹಾರಿಸಿತು, ಸುಮಾರು 20 ಜನ ಸತ್ತರು. 2008ರ ಆಗಸ್ಟ್‌ನಲ್ಲಿ ಕೆನಡಾದ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ರೆ ಊರಿನ ಪಾರ್ಕೊಂದರಲ್ಲಿ ನಡೆಯುತ್ತಿದ್ದ ಮೇಳಕ್ಕೆ ಬಂದು ಕ್ಷಮೆ ಕೇಳಿ ಹೋದರು. ಅವರು ವೇದಿಕೆ ಇಳಿದ ಕೂಡಲೇ ಸಂಘಟಕರು ‘ಇದನ್ನು ನಾವು ಒಪ್ಪುವುದಿಲ್ಲ’ ಅಂದರು. ಅದೇ ವರ್ಷ ಜೂನ್ 11ರಂದು, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕಿದ್ದಕ್ಕೆ ಇದೇ ಪ್ರಧಾನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದ್ದರು. ನಮಗೆ ಮಾತ್ರ ಯಾಕೆ ಪಾರ್ಕು? ಸಂಘಟಕರ ಪ್ರಶ್ನೆ ಇಷ್ಟೇ. ತಡೆದ ಕಾನೂನು ಸರ್ಕಾರದ್ದು, ಸಂಸತ್ತಿನ ದಾಖಲೆಯಲ್ಲಿ ಬರಬೇಕಾದ ಮಾತು ಅದು. ಅಂತೂ 2016ರ ಮೇ 18ರಂದು ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲೇ ಕ್ಷಮೆ ಕೇಳಿದರು, ಹಡಗು ಬಂದು 102 ವರ್ಷದ ಮೇಲೆ.

ಹಾಗಾಗಿ ಸ್ಮರಣ ಸಂಚಿಕೆಯ ಮೂಲೆ ಬೇಡ. ಸನ್ಮಾನ, ಹಾರ, ತುರಾಯಿಗಳ ನಡುವೆ ತುರುಕುವುದೂ ಬೇಡ. ಆಡಳಿತ ಮಂಡಳಿ ಸಭೆ ಕರೆದು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸಮಾರಂಭದಲ್ಲಿ ಅಧ್ಯಕ್ಷರೇ ಅದನ್ನು ಓದಲಿ, ನಿರೂಪಕರಲ್ಲ.

ಅದಕ್ಕೂ ಮುಂಚೆ ಒಂದು ಕೆಲಸ. ಆ ಹಿರಿಯರ ಮನೆಗೆ ನೀವೇ ಹೋಗಿ. ‘ಹೀಗೆ ಮಾಡಬೇಕು ಅಂತಿದ್ದೇವೆ, ನಿಮಗೆ ಒಪ್ಪಿಗೆಯಾ, ಏನು ಹೇಳಬೇಕು, ಏನು ಬಿಡಬಾರದು’ ಅಂತ ಕೇಳಿ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿದ ವಿಷಯದಲ್ಲಿ ಮೊದಲು ವಿಚಾರಣೆ ನಡೆಯಿತು, ನೂರಾರು ಜನ ತಮ್ಮ ಕಥೆ ಹೇಳಿದರು, 1997ರಲ್ಲಿ ವರದಿ ಬಂತು. ಆದರೆ ಆಗಿನ ಪ್ರಧಾನಿ ಜಾನ್ ಹೊವಾರ್ಡ್, ಈಗಿನ ಪೀಳಿಗೆ ಯಾಕೆ ಹೊಣೆ ಹೊರಬೇಕು ಅಂತ 1999ರಲ್ಲಿ ಬರೀ ವಿಷಾದದ ನಿರ್ಣಯಕ್ಕೆ ನಿಲ್ಲಿಸಿದರು. 2008ರ ಫೆಬ್ರುವರಿ 13ರಂದು ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದಾಗ, ಹಿಂದಿನ ಸಂಸತ್ತುಗಳು ಮತ್ತು ಸರ್ಕಾರಗಳು ಮಾಡಿದ ಕಾನೂನುಗಳಿಂದಲೇ ಈ ನೋವಾಯಿತು ಅಂತ ಬಿಡಿಸಿ ಹೇಳಿದರು. ಹಾಗೆ ಬೇರೆಯಾದ ಮಕ್ಕಳು ಮುದುಕರಾಗಿ ಮೇಲಿನ ಗ್ಯಾಲರಿಯಲ್ಲಿ ಕೂತು ಕೇಳಿದರು.

ನೀವೂ ಹಾಗೇ ನೇರವಾಗಿ ಬರೆಯಿರಿ: ‘ನಮ್ಮ ಶಾಲೆ ಪರಿಶಿಷ್ಟ ಜಾತಿಯ ಮಕ್ಕಳನ್ನು ಬೇರೆ ಕೂರಿಸಿತು. ಕುಡಿಯುವ ನೀರು ಮುಟ್ಟಲು ಬಿಡಲಿಲ್ಲ. ಅದು ಕಾನೂನಿಗೆ ವಿರುದ್ಧವಾಗಿತ್ತು, ಶಾಲೆಗೆ ಅದು ಗೊತ್ತಿತ್ತು. ನಮ್ಮಿಂದ ತಪ್ಪಾಯಿತು, ಕ್ಷಮೆ ಕೇಳುತ್ತೇವೆ.’ ಜೊತೆಗೆ ಒಂದು ಕೆಲಸವನ್ನೂ ಹೇಳಿ. ಎರಡನೇ ಮಹಾಯುದ್ಧದಲ್ಲಿ ಶಿಬಿರಕ್ಕೆ ತಳ್ಳಿದ್ದ ಜಪಾನಿ ಮೂಲದವರಿಗೆ ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು, ಆಗ ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ನಿಮ್ಮ ಶಾಲೆಯ ಶಕ್ತಿ ಬೇರೆ. ಒಂದು ವಿದ್ಯಾರ್ಥಿವೇತನ ಇಡಬಹುದು, ಆ ಹಿರಿಯರ ಮಾತುಗಳನ್ನು ಶಾಲೆಯ ಚರಿತ್ರೆಯಲ್ಲಿ ಪೂರ್ತಿ ಅಚ್ಚು ಹಾಕಬಹುದು. ಈಗ ಬಿಸಿಯೂಟದ ಸಾಲಿನಲ್ಲಿ ಮಕ್ಕಳು ಹೇಗೆ ಕೂರುತ್ತಾರೆ ಅಂತಲೂ ಒಮ್ಮೆ ಹೋಗಿ ನೋಡಿ.

ಅವರು ಕ್ಷಮಿಸದೇ ಇರಬಹುದು. ಸಮಾರಂಭಕ್ಕೇ ಬರದಿರಬಹುದು. ಅದು ಅವರ ಹಕ್ಕು. ವೇದಿಕೆಗೆ ಕರೆದು, ಕೈ ಹಿಡಿಸಿ, ಫೋಟೊ ತೆಗೆಸುವ ಕೆಲಸ ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಜಲಿಯನ್‌ವಾಲಾ ಬಾಗ್‌ಗೆ ಬ್ರಿಟನ್ ಯಾಕೆ ಇನ್ನೂ ಕ್ಷಮೆ ಕೇಳಿಲ್ಲ? ಕೇಳಿದರೂ ನಮಗೇನು ಸಿಗುತ್ತದೆ? (ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು)

ಉತ್ತರ: 1919ರ ಏಪ್ರಿಲ್ 13ರಂದು ಸತ್ತವರು 379 ಅಂತ ಬ್ರಿಟಿಷರದ್ದೇ ಲೆಕ್ಕ, ಭಾರತೀಯರ ಲೆಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ. 2013ರಲ್ಲಿ ಅಲ್ಲಿಗೆ ಬಂದ ಆಗಿನ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಇದು ನಾಚಿಕೆಗೇಡಿನ ಘಟನೆ ಅಂತ ಪುಸ್ತಕದಲ್ಲಿ ಬರೆದರು. ನೂರು ವರ್ಷ ತುಂಬಿದಾಗ ಆಗಿನ ಪ್ರಧಾನಿ ಥೆರೆಸಾ ಮೇ ಸಂಸತ್ತಿನಲ್ಲಿ ವಿಷಾದ ಹೇಳಿದರು. ಅದರಾಚೆ ಹೋಗಲಿಲ್ಲ. ಒಂದಕ್ಕೆ ಕೇಳಿದರೆ ಉಳಿದವುಗಳ ಸಾಲು ಶುರುವಾಗುತ್ತದೆ ಅನ್ನುವ ಭಯ ಇದರ ಹಿಂದಿದೆ ಅಂತ ನನ್ನ ಅಂದಾಜು. ಬ್ರಿಟಿಷರ ವಿರುದ್ಧ ಎದ್ದ ಕೀನ್ಯಾದ ಮೌ ಮೌ ಬಂಡಾಯದಲ್ಲಿ ಚಿತ್ರಹಿಂಸೆ ಅನುಭವಿಸಿದ ಮುದುಕರು ಲಂಡನ್ ಕೋರ್ಟಿಗೆ ಹೋದ ಮೇಲಷ್ಟೇ, 2013ರಲ್ಲಿ, 5,228 ಜನರಿಗೆ 1.99 ಕೋಟಿ ಪೌಂಡ್ ಕೊಡಲು ಅದೇ ಬ್ರಿಟನ್ ಒಪ್ಪಿತು.

ಏನು ಸಿಗುತ್ತದೆ ಅಂದರೆ, ದಾಖಲೆ ಸರಿಯಾಗುತ್ತದೆ. ಉತ್ತರ ಐರ್ಲೆಂಡಿನ ಡೆರಿಯಲ್ಲಿ 1972ರಲ್ಲಿ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ, ಮೊದಲ ವಿಚಾರಣೆ ಬಹುಮಟ್ಟಿಗೆ ಸೈನಿಕರ ಪರವಾಗಿತ್ತು. ಸತ್ತವರ ಮೇಲೆ ಕಳಂಕ ಉಳಿಯಿತು. 2010ರಲ್ಲಿ ಕ್ಯಾಮರಾನ್ ಕ್ಷಮೆ ಕೇಳಿ, ಆ ಗುಂಡಿಗೆ ಯಾವ ಸಮರ್ಥನೆಯೂ ಇಲ್ಲ ಅಂದಾಗ ಕಳಂಕ ಹೋಯಿತು. ಮನೆಯವರಿಗೆ ಅದು ಸಣ್ಣದಲ್ಲ. ಆದರೆ ಕ್ಷಮೆ ಕೇಳಿದ್ದೇ ನ್ಯಾಯವಾಗುವುದಿಲ್ಲ. 1984ರ ಸಿಖ್ಖರ ಹತ್ಯೆಗೆ ಮನಮೋಹನ್ ಸಿಂಗ್ 2005ರಲ್ಲಿ ರಾಜ್ಯಸಭೆಯಲ್ಲಿ ತಲೆತಗ್ಗಿಸಿ ಕ್ಷಮೆ ಕೇಳಿದರು. ಆ ಹತ್ಯೆಗಳ ಒಂದು ಪ್ರಕರಣದಲ್ಲಿ ಕಾಂಗ್ರೆಸ್ ನಾಯಕರಾಗಿದ್ದ ಸಜ್ಜನ್ ಕುಮಾರ್‌ಗೆ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2018ರಲ್ಲಿ. ಆ ನಡುವೆ ಎಷ್ಟು ತಾಯಂದಿರು ತೀರಿಹೋಗಿರಬೇಕು.

ಪ್ರಶ್ನೆ: ನಾಗರಹೊಳೆ ಕಾಡಿಂದ ನಮ್ಮಜ್ಜನವರನ್ನು ಎಬ್ಬಿಸಿದರು. ನಾವೀಗ ಎಚ್.ಡಿ. ಕೋಟೆ ಕಡೆ ಹಾಡಿಯಲ್ಲಿದ್ದೇವೆ. ಬೇರೆ ದೇಶದ ಸರ್ಕಾರಗಳು ಕ್ಷಮೆ ಕೇಳಿವೆ ಅಂತ ಓದಿದೆ. ನಮಗೆ ಯಾರು ಕೇಳುತ್ತಾರೆ?

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅರ್ಧ ದಾರಿಯ ಉತ್ತರ ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯಲ್ಲಿ, ಕಾಡಿನ ಬುಡಕಟ್ಟು ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಅಂತ ಸಂಸತ್ತೇ ಬರೆದಿದೆ. ಇದು ತಪ್ಪೊಪ್ಪಿಗೆ. ಆದರೆ ಹಾಡಿಗೆ ಬಂದು, ನಿಮ್ಮ ಹಿರಿಯರ ಮುಂದೆ ನಿಂತು ಹೇಳಿದ ಮಾತು ಅಲ್ಲ. ಅದನ್ನು ಕೇಳುವ ಹಕ್ಕು ನಿಮಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅವರ ಸಮಿತಿಯು ನಾಗರಹೊಳೆಯಿಂದ ಒಕ್ಕಲೆದ್ದ 3,418 ಕುಟುಂಬಗಳನ್ನು ಗುರುತಿಸಿ, ಪುನರ್ವಸತಿ ಕೊಡಿ ಅಂತ 2014ರಲ್ಲಿ ವರದಿ ಕೊಟ್ಟಿತು. ನಿಮ್ಮಜ್ಜನ ಹೆಸರು ಅದರಲ್ಲಿದೆಯಾ ನೋಡಿ.

ಅದರ ಜೊತೆಗೇ ಮಾಡಬೇಕಾದ್ದು ಇದು. ಕಾಯ್ದೆಯ ಸೆಕ್ಷನ್ 3(1)(ಎಂ) ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚೆ ಅಕ್ರಮವಾಗಿ ಎಬ್ಬಿಸಲ್ಪಟ್ಟವರಿಗೆ, ಪುನರ್ವಸತಿ ಸಿಗದೆ ಒಕ್ಕಲೆದ್ದವರಿಗೆ ಬದಲಿ ಜಮೀನಿನ ಸಮೇತ ಪುನರ್ವಸತಿಯ ಹಕ್ಕಿದೆ. ಅರ್ಜಿ ಶುರುವಾಗುವುದು ಗ್ರಾಮಸಭೆಯಲ್ಲಿ, ಅರಣ್ಯ ಹಕ್ಕು ಸಮಿತಿಯ ಮುಂದೆ. ಅಲ್ಲಿಂದ ಉಪವಿಭಾಗ ಸಮಿತಿಗೆ, ಆಮೇಲೆ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕಾಗದಪತ್ರ ಇಲ್ಲ ಅಂತ ಸುಮ್ನೆ ಕೂರಬೇಡಿ. ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆಯೂ ಸಾಕ್ಷಿ ಅಂತ ನಿಯಮದಲ್ಲೇ ಇದೆ. ಕಾಡಿನೊಳಗಿನ ಹಳೆ ಹಾಡಿ ಎಲ್ಲಿತ್ತು, ದೇವರ ಜಾಗ ಯಾವುದು, ಯಾರನ್ನು ಎಲ್ಲಿ ಮಣ್ಣು ಮಾಡಿದ್ದರು, ಅಜ್ಜಿಯರು ಇರುವಾಗಲೇ ಕೇಳಿ ಬರೆದಿಡಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ, 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಿ.