ಅಧ್ಯಕ್ಷರ ಬ್ಯಾಗಿನಲ್ಲಿ ಸಂಘದ ಸೀಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿದ್ಯಾರ್ಥಿ ಸಂಘಗಳ ಬಗ್ಗೆಯೇ ಇವೆ. ಹಾಗಾಗಿ ಪಿಂಚಣಿ, ತೆಂಗಿನ ನುಸಿ, ಬ್ಯಾಂಕ್ ಸಾಲ ಕೇಳಿದವರು ಒಂದು ಸಂಚಿಕೆ ತಡೆದುಕೊಳ್ಳಬೇಕು. ಹೆಸರು ಹಾಕಬೇಡಿ ಎಂದು ಬಹಳ ಜನ ಕೇಳಿದ್ದಾರೆ. ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಸರ್, ನಾವು ಬೇರೆ ಬೇರೆ ಹಾಸ್ಟೆಲ್‌ಗಳ ವಿದ್ಯಾರ್ಥಿಗಳು ಸೇರಿ ಒಂದು ಸಂಘ ಕಟ್ಟಿದ್ದೇವೆ. ಸ್ಕಾಲರ್‌ಶಿಪ್ ತಡವಾದರೆ, ಬಸ್ ನಿಲ್ಲಿಸದೆ ಹೋದರೆ, ಊಟ ಸರಿ ಇಲ್ಲದಿದ್ದರೆ ಆಫೀಸಿಗೆ ಹೋಗಿ ಕೇಳುವುದು ನಮ್ಮ ಕೆಲಸ. ಸುಮಾರು 200 ಜನ ಇದ್ದೇವೆ. ಎರಡು ವರ್ಷದ ಹಿಂದೆ ಚಪ್ಪಾಳೆ ತಟ್ಟಿ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ಒಳ್ಳೆಯವರೇ. ಆದರೆ ಸೀಲು, ಲೆಟರ್‌ಹೆಡ್, ಪಾಸ್‌ಬುಕ್ ಎಲ್ಲ ಅವರ ಬ್ಯಾಗಿನಲ್ಲೇ ಇವೆ. ಚುನಾವಣೆ ಮಾಡೋಣ ಅಂದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತಾರೆ. ಏನು ಮಾಡೋದು?
— ಬಿ.ಎ. ವಿದ್ಯಾರ್ಥಿ, ರಾಯಚೂರು

ಉತ್ತರ: ನಂಬಿಕೆ ಇದೆ ಎಂದೇ ಹೇಳಿ. ಇದ್ದರೂ ಚುನಾವಣೆ ಬೇಕು ಅಂತಲೂ ಹೇಳಿ. ಎರಡೂ ಬೇರೆ ಬೇರೆ ಮಾತು.

ನಿಮ್ಮ ಪತ್ರದಲ್ಲಿ ಒಂದು ಪದ ಎಲ್ಲೂ ಇಲ್ಲ, ಅದನ್ನು ನೋಡಿ ನನಗೆ ಸ್ವಲ್ಪ ಗಾಬರಿ ಆಯಿತು. ಬೈಲಾ. ಅಧ್ಯಕ್ಷರ ಅವಧಿ ಎಷ್ಟು, ಯಾರು ಸದಸ್ಯರು, ಯಾರು ವೋಟು ಹಾಕಬಹುದು, ಸಭೆ ಕರೆಯುವವರು ಯಾರು ಅಂತ ಎಲ್ಲೂ ಬರೆದಿಲ್ಲ ಅಲ್ವಾ? ಹಾಗಿದ್ದರೆ ನಿಮ್ಮ ಅಧ್ಯಕ್ಷರು ಯಾವ ನಿಯಮವನ್ನೂ ಮುರಿದಿಲ್ಲ, ಮುರಿಯುವುದಕ್ಕೆ ನಿಯಮವೇ ಇಲ್ಲ. ತಪ್ಪು ಚಪ್ಪಾಳೆ ತಟ್ಟಿದ 200 ಜನರದ್ದು.

ಮೊದಲು ಸರ್ವಸದಸ್ಯರ ಸಭೆ ಕರೆಯಿರಿ. ಅಧ್ಯಕ್ಷರು ಕರೆಯದಿದ್ದರೆ ಸದಸ್ಯರೇ ಸಹಿ ಹಾಕಿ ಕರೆಯಿರಿ. ಆ ಸಭೆಯಲ್ಲಿ ಚುನಾವಣೆ ಬೇಡ, ಅವತ್ತು ಬರೀ ಬೈಲಾ. ಒಂದೇ ದಿನ ಎರಡನ್ನೂ ಇಟ್ಟರೆ ಯಾರು ಗೆಲ್ಲುತ್ತಾರೆ ಅಂತ ನೋಡಿಕೊಂಡು ನಿಯಮ ಬರೆಯುತ್ತಾರೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಮೂರನೇ ವರ್ಷದವರು ನಿಲ್ಲಬಾರದು ಅಂತ ಒಂದು ಸಾಲು ಸೇರಿಸಿದರು, ಮೂರನೇ ವರ್ಷದಲ್ಲಿ ಇದ್ದದ್ದು ಒಬ್ಬನೇ ಎದುರಾಳಿ!

ಬೈಲಾದಲ್ಲಿ ಅಧ್ಯಕ್ಷರ ಅಧಿಕಾರದ ಬಗ್ಗೆ ಉದ್ದುದ್ದ ಬರೆಯಬೇಡಿ. ಅದು ಎಲ್ಲರೂ ಮಾಡುವ ತಪ್ಪು. ಸರ್ವಸದಸ್ಯರ ಸಭೆಯೇ ಎಲ್ಲಕ್ಕಿಂತ ಮೇಲೆ, ಕಾರ್ಯಕಾರಿ ಸಮಿತಿ ಅದಕ್ಕೆ ಉತ್ತರ ಕೊಡಬೇಕು, ಅವಧಿ ಒಂದು ವರ್ಷ ಎಂದು ಬರೆಯಿರಿ. ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಇರಬೇಕು ಅಂತ ಯೋಚಿಸಿ ಇಡಿ. 200 ಜನರಲ್ಲಿ 100 ಅಂತ ಇಟ್ಟರೆ ಪರೀಕ್ಷೆ ಸಮಯದಲ್ಲಿ ಒಂದು ಸಭೆಯೂ ನಡೆಯಲ್ಲ, 15 ಅಂತ ಇಟ್ಟರೆ ಒಂದು ರೂಮಿನ ಗೆಳೆಯರು ಸೇರಿ ಏನು ಬೇಕಾದರೂ ಠರಾವು ಮಾಡಿಬಿಡುತ್ತಾರೆ. ನಡುವೆ ಎಲ್ಲೋ ಇರಲಿ. ಅವಿಶ್ವಾಸ ತರುವುದು ಹೇಗೆ ಅಂತಲೂ ಈಗಲೇ ಬರೆದಿಡಿ, ಜಗಳ ಶುರುವಾದ ಮೇಲೆ ಅದನ್ನು ಬರೆಯೋದಕ್ಕೆ ಯಾರೂ ಬಿಡಲ್ಲ.

ಇನ್ನು ಚುನಾವಣೆ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ, ಅಂದರೆ ಜೆಎನ್‌ಯು ವಿದ್ಯಾರ್ಥಿ ಸಂಘದ ರಾಜಕೀಯ ನಿಮಗೆ ಇಷ್ಟ ಆಗಬಹುದು, ಆಗದೇ ಇರಬಹುದು. ಅದನ್ನು ಪಕ್ಕಕ್ಕಿಡಿ. ಅವರು ಚುನಾವಣೆ ನಡೆಸುವ ರೀತಿ ನೋಡಿ. ಅಲ್ಲಿ ಚುನಾವಣಾ ಸಮಿತಿ ವಿದ್ಯಾರ್ಥಿಗಳದ್ದೇ. ನಾಮಪತ್ರ ತೆಗೆದುಕೊಳ್ಳುವವರು, ಮತಪತ್ರ ಹಂಚುವವರು, ರಾತ್ರಿಯೆಲ್ಲ ಕೂತು ಎಣಿಸುವವರು ಎಲ್ಲ ಅವರೇ. ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಎಂದು ನಾಲ್ಕು ಹುದ್ದೆಗಳಿಗೆ ಇಡೀ ವಿಶ್ವವಿದ್ಯಾಲಯ ವೋಟು ಹಾಕುತ್ತದೆ. ಅದರ ಜೊತೆ ಒಂದೊಂದು ಸ್ಕೂಲಿನಿಂದಲೂ (ಅಲ್ಲಿ ಅಧ್ಯಯನ ವಿಭಾಗಗಳ ಗುಂಪಿಗೆ ಹಾಗನ್ನುತ್ತಾರೆ) ಕೌನ್ಸಿಲರ್‌ಗಳು ಆರಿಸಿ ಬರುತ್ತಾರೆ. ನಿಮಗೆ ಬೇಕಿರುವುದು ಇದೇ. ಹಾಸ್ಟೆಲಿಗೆ ಒಬ್ಬರು ಅಂತ ಸಮಿತಿಯಲ್ಲಿದ್ದರೆ ಅಧ್ಯಕ್ಷರ ಸ್ವಂತ ಹಾಸ್ಟೆಲಿನ ನಲ್ಲಿ ಮಾತ್ರ ರಿಪೇರಿಯಾಗುವುದು ತಪ್ಪುತ್ತದೆ.

ವೋಟಿಗೆ ಮುಂಚೆ ಅಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಚರ್ಚೆ ನಡೆಯುತ್ತದೆ. ರಾತ್ರಿ, ಬಯಲಲ್ಲಿ, ತಮಟೆ ಬಡಿತ ಘೋಷಣೆಗಳ ನಡುವೆ. ಅಭ್ಯರ್ಥಿಗಳು ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತಾರೆ, ಕೂತವರೂ ಕೇಳುತ್ತಾರೆ. ನೀವು ಮೆಸ್ ಹಾಲಿನಲ್ಲಿ ಊಟ ಆದ ಮೇಲೆ ಒಂದು ಗಂಟೆ ಇದನ್ನು ಮಾಡಿದರೂ ಸಾಕು. ಮೈಕ್ ಬೇಕಿಲ್ಲ.

ನಿಮ್ಮ ಸಂಘದ ಚುನಾವಣಾಧಿಕಾರಿ ಮಾತ್ರ ಸ್ಪರ್ಧೆಯಲ್ಲಿ ಇರಬಾರದು, ಈಗಿನ ಪದಾಧಿಕಾರಿಯೂ ಆಗಿರಬಾರದು. ಕೊನೆಯ ವರ್ಷದವರಲ್ಲಿ ಎಲ್ಲರ ಹತ್ತಿರವೂ ಬೈಸಿಕೊಂಡಿರುವ, ಆದರೂ ಎಲ್ಲರೂ ನಂಬುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನೇ ಹಿಡಿಯಿರಿ. ಕೈ ಎತ್ತಿಸುವುದು ಬೇಡ, ಚೀಟಿಯಲ್ಲಿ ಗುಟ್ಟಾಗಿ ಬರೆಸಿ. ಮುಖ ನೋಡಿಕೊಂಡು ವೋಟು ಹಾಕೋದು ಬಹಳ ಕಷ್ಟ, ಅದೂ ಅದೇ ರೂಮಿನಲ್ಲಿ ಮಲಗಬೇಕು ಅಂದರೆ.

ಸೀಲು ಕಾರ್ಯದರ್ಶಿ ಹತ್ತಿರ ಇರಲಿ.

ಪ್ರಶ್ನೆ: ಲಿಂಗ್ಡೋ ನಿಯಮ, ಲಿಂಗ್ಡೋ ನಿಯಮ ಅಂತ ಎಲ್ಲರೂ ಹೇಳ್ತಾರೆ. ಅದೇನು? ಕಾಲೇಜಿನ ಹೊರಗೆ ಇರುವ ನಮ್ಮ ಸಂಘಕ್ಕೂ ಅನ್ವಯ ಆಗುತ್ತಾ?
— ಎಂ.ಎಸ್‌ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕೇರಳದ ಕಾಲೇಜು ಚುನಾವಣೆಗಳ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಸೂಚನೆಯಂತೆ 2005ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅದರ ಮುಖ್ಯಸ್ಥರು. 2006ರ ಮೇನಲ್ಲಿ ವರದಿ ಬಂತು, ಅದೇ ಸೆಪ್ಟೆಂಬರಿನಲ್ಲಿ ಕೋರ್ಟು ಅದನ್ನು ಜಾರಿ ಮಾಡಿ ಎಂದಿತು.

ಅದರಲ್ಲಿ ಏನಿದೆ ಅಂದರೆ, ಪದವಿ ವಿದ್ಯಾರ್ಥಿ ನಿಲ್ಲಬೇಕಾದರೆ 17ರಿಂದ 22 ವಯಸ್ಸು, ಸಂಶೋಧನೆ ಮಾಡುವವರಿಗೆ 28ರವರೆಗೆ. ಹಾಜರಾತಿ 75%. ಆ ವರ್ಷ ಬಾಕಿ ವಿಷಯ ಉಳಿಸಿಕೊಂಡಿರಬಾರದು. ಪದಾಧಿಕಾರಿ ಹುದ್ದೆಗೆ ಒಂದೇ ಸಲ ನಿಲ್ಲಬಹುದು, ಕಾರ್ಯಕಾರಿ ಸದಸ್ಯನಾಗಲು ಎರಡು ಸಲ. ತರಗತಿ ಶುರುವಾಗಿ 6ರಿಂದ 8 ವಾರದೊಳಗೆ ಚುನಾವಣೆ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲ 10 ದಿನದಲ್ಲಿ ಮುಗಿಯಬೇಕು. ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟಬಾರದು.

ನಿಮ್ಮದು ಕಾಲೇಜಿನ ಹೊರಗೆ ನೀವೇ ಕಟ್ಟಿಕೊಂಡ ಸಂಘ ಆದರೆ ಇದು ನಿಮ್ಮನ್ನು ಕಟ್ಟಿಹಾಕಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳಿಗೆ ಮಾಡಿದ್ದು. ಆದರೆ 10 ದಿನದ ನಿಯಮ, ಖರ್ಚಿನ ನಿಯಮ ಎರಡನ್ನೂ ಕದ್ದುಕೊಳ್ಳಿ, ಒಳ್ಳೆಯವು. ಒಂದೇ ಸಲ ನಿಲ್ಲಬೇಕು ಎನ್ನುವುದು ಮಾತ್ರ ನನಗೆ ಅಷ್ಟು ಒಪ್ಪಿಗೆ ಇಲ್ಲ. ಮುಂದೆ ಸಿಪಿಎಂ ಪಕ್ಷದ ನಾಯಕರಾದ ಸೀತಾರಾಂ ಯೆಚೂರಿ ಜೆಎನ್‌ಯು ಸಂಘಕ್ಕೆ ಮೂರು ಸಲ ಅಧ್ಯಕ್ಷರಾಗಿದ್ದರು. ಈ ನಿಯಮ ಅವತ್ತು ಇದ್ದಿದ್ದರೆ ಒಂದಕ್ಕೇ ನಿಲ್ಲಬೇಕಾಗುತ್ತಿತ್ತು. ಕಚೇರಿಗಳ ದಾರಿ ಗೊತ್ತಾಗೋದೇ ಒಂದು ವರ್ಷ ಆದ ಮೇಲೆ, ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಎರಡು ಸಲ ಅಂತ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ.

ನಿಯಮ ಇದ್ದ ಮಾತ್ರಕ್ಕೆ ನಡೆಯುತ್ತದೆ ಅಂದುಕೊಳ್ಳಬೇಡಿ. 2008ರ ಅಕ್ಟೋಬರಿನಲ್ಲಿ ಲಿಂಗ್ಡೋ ನಿಯಮ ಪಾಲಿಸಿಲ್ಲ ಎಂದು ಜೆಎನ್‌ಯು ಚುನಾವಣೆಗೇ ತಡೆ ಬಿತ್ತು, ಮತ್ತೆ ವೋಟು ನಡೆದದ್ದು 2012ರ ಮಾರ್ಚಿನಲ್ಲಿ. ದೆಹಲಿ ವಿಶ್ವವಿದ್ಯಾಲಯದ ಕಥೆ ಇನ್ನೂ ಮಜಾ ಇದೆ. 2024ರ ಸೆಪ್ಟೆಂಬರ್ 27ಕ್ಕೆ ವೋಟು ಹಾಕಿದರು. ಗೋಡೆ, ಕಂಬ, ಬೀದಿಯಲ್ಲೆಲ್ಲ ಅಭ್ಯರ್ಥಿಗಳ ಹೆಸರು ಬಳಿದಿದ್ದನ್ನು ನೋಡಿ, ಇದೆಲ್ಲ ಸ್ವಚ್ಛ ಆಗುವವರೆಗೆ ಎಣಿಸುವ ಹಾಗಿಲ್ಲ ಎಂದು ಹೈಕೋರ್ಟು ಹೇಳಿತು. ಫಲಿತಾಂಶ ಬಂದದ್ದು ನವೆಂಬರ್ 25ಕ್ಕೆ. ಒಬ್ಬರಿಗೆ 5,000 ರೂಪಾಯಿಯಲ್ಲಿ ಅಷ್ಟು ಗೋಡೆ ಹೇಗೆ ತುಂಬಿತು ಅಂತ ನನ್ನನ್ನು ಕೇಳಬೇಡಿ.

ಪ್ರಶ್ನೆ: ನಮ್ಮಪ್ಪ ಕಾಲೇಜಿನಲ್ಲಿ ಚುನಾವಣೆಗೆ ನಿಂತಿದ್ದರಂತೆ, ಮೆರವಣಿಗೆ ಎಲ್ಲ ಆಗಿತ್ತಂತೆ. ನಮಗೆ ಯಾಕೆ ಇಲ್ಲ?
— ಬಿ.ಕಾಂ. ವಿದ್ಯಾರ್ಥಿ, ಹಾಸನ

ಉತ್ತರ: ಅಪ್ಪ ಸುಳ್ಳು ಹೇಳುತ್ತಿಲ್ಲ. 1980ರ ದಶಕದ ಕೊನೆಯವರೆಗೂ ನಮ್ಮಲ್ಲಿ ಕಾಲೇಜು ಚುನಾವಣೆ ಜೋರಾಗಿಯೇ ಇತ್ತು. ಹೊಡೆದಾಟ ಜಾಸ್ತಿ ಆಯಿತು, ಸರ್ಕಾರ ನಿಲ್ಲಿಸಿತು. ಆಮೇಲೆ ಬಹಳ ಕಡೆ ಜಾಸ್ತಿ ಅಂಕ ತೆಗೆದವರನ್ನೇ ಕರೆದು ಕಾರ್ಯದರ್ಶಿ ಮಾಡುವ ಪದ್ಧತಿ ಬಂತು. ಅಂಕ ತೆಗೆಯುವುದು ಒಳ್ಳೆಯದೇ, ಆದರೆ ಪ್ರಾಂಶುಪಾಲರು ಆರಿಸಿದ ಹುಡುಗ ಪ್ರಾಂಶುಪಾಲರನ್ನು ಹೇಗೆ ಪ್ರಶ್ನೆ ಕೇಳ್ತಾನೆ ಹೇಳಿ? ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡ್ತಾನೆ ಅಷ್ಟೆ.

ಕಾಲೇಜಿನಲ್ಲಿ ಚುನಾವಣೆ ಇಲ್ಲ ಎಂದರೆ ಸಂಘ ಕಟ್ಟಬಾರದು ಅಂತಲ್ಲ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ನೋಂದಣಿ ಬೇಕು ಅಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಇದೆ, ಕನಿಷ್ಠ ಏಳು ಜನ ಬೇಕು. ನೋಂದಣಿ ಆದರೆ ವರ್ಷಾ ವರ್ಷಾ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಕೊಡುವ ಕೆಲಸ ತಲೆಗೆ ಬರುತ್ತದೆ. ಅದು ಸ್ವಲ್ಪ ರಗಳೆ. ಆದರೆ ಆ ರಗಳೆಯೇ ನಿಮ್ಮನ್ನು ಶಿಸ್ತಿನಲ್ಲಿ ಇಡುತ್ತದೆ.

ಪ್ರಶ್ನೆ: ವಿದ್ಯಾರ್ಥಿ ಸಂಘದ ಅಧ್ಯಕ್ಷರಿಗೆ ಸಂಬಳ ಕೊಡುವ ದೇಶ ಇದೆಯಂತೆ, ನಿಜವಾ?
— ಓದುಗರು, ಶಿರಸಿ

ಉತ್ತರ: ನಿಜ. ಬ್ರಿಟನ್ನಿನಲ್ಲಿ. ಗೆದ್ದವರು ಒಂದು ವರ್ಷ ಓದು ನಿಲ್ಲಿಸಿ ಅಥವಾ ಓದು ಮುಗಿದ ಕೂಡಲೇ ಪೂರ್ತಿ ಸಮಯ ಸಂಘದ ಕೆಲಸ ಮಾಡುತ್ತಾರೆ, ಸಂಬಳ ಇರುತ್ತದೆ. ಸುಮ್ನೆ ಕೊಡಲ್ಲ. 1994ರ ಶಿಕ್ಷಣ ಕಾಯ್ದೆಯಲ್ಲಿ ಮುಖ್ಯ ಹುದ್ದೆಗಳಿಗೆ ಗುಪ್ತ ಮತದಾನವೇ ಆಗಬೇಕು, ಸಂಬಳದ ಹುದ್ದೆಯಲ್ಲಿ ಒಟ್ಟು ಎರಡು ವರ್ಷಕ್ಕಿಂತ ಜಾಸ್ತಿ ಕೂರಬಾರದು, ಸಂಘ ಬೇಡ ಅನ್ನುವ ವಿದ್ಯಾರ್ಥಿಗೆ ಹೊರಗೆ ಉಳಿಯುವ ಹಕ್ಕಿರಬೇಕು ಅಂತೆಲ್ಲ ಬರೆದಿದ್ದಾರೆ. ಅಲ್ಲಿನ ಬಹಳಷ್ಟು ಸಂಘಗಳ ಮತಪತ್ರದಲ್ಲಿ ‘ಮತ್ತೆ ನಾಮಪತ್ರ ಕರೆಯಿರಿ’ ಎಂಬ ಆಯ್ಕೆಯೂ ಅಭ್ಯರ್ಥಿಯ ಹಾಗೆ ನಿಂತಿರುತ್ತದೆ. ಅದೇ ಗೆದ್ದರೆ ಚುನಾವಣೆ ಮತ್ತೆ ಮೊದಲಿಂದ. ನಮ್ಮ ಅವಿರೋಧ ಆಯ್ಕೆಗಳಿಗೆ ಇದನ್ನು ತಂದರೆ ಹೇಗಿರುತ್ತೆ ಅಂತ ನಾನು ಆಗಾಗ ಯೋಚಿಸಿ ಒಬ್ಬನೇ ನಗುತ್ತೇನೆ.

ಪ್ರಶ್ನೆ: ನಾನು ಸಂಘದ ಖಜಾಂಚಿ. ಒಬ್ಬ ಸದಸ್ಯ ಪ್ರತಿ ಸಭೆಯಲ್ಲೂ ಲೆಕ್ಕ ಕೇಳಿ ಅವಮಾನ ಮಾಡುತ್ತಿದ್ದಾನೆ. ಅವನನ್ನು ತೆಗೆದುಹಾಕಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅವನನ್ನು ತೆಗೆಯಬೇಡಿ, ಟೀ ಕುಡಿಸಿ.

ನಾನೂ ಹಾಸ್ಟೆಲಿನಲ್ಲಿ ಮೆಸ್ ಸೆಕ್ರೆಟರಿ ಆಗಿದ್ದೆ. ದುಡ್ಡು ಇಟ್ಟುಕೊಳ್ಳುವವನೂ ನಾನೇ, ಲೆಕ್ಕ ಬರೆಯುವವನೂ ನಾನೇ, ತರಕಾರಿ ತರುವವನೂ ನಾನೇ. ಒಂದು ತಿಂಗಳು 340 ರೂಪಾಯಿ ಕಮ್ಮಿ ಬಂತು. ನಾನು ಕದ್ದಿರಲಿಲ್ಲ, ಎಲ್ಲೋ ಚೀಟಿ ಕಳೆದುಹೋಗಿತ್ತು. ಆದರೆ ಕದ್ದಿಲ್ಲ ಎಂದು ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ, ನನ್ನ ಮುಖ ಬಿಟ್ಟು. ಇಷ್ಟು ವರ್ಷ ಆದರೂ ಹಳೇ ಗೆಳೆಯರು ಸಿಕ್ಕಿದಾಗ ಅದೇ ಮಾತು ತೆಗೆದು ರೇಗಿಸುತ್ತಾರೆ. ಅವತ್ತು ಯಾರಾದರೂ ಪ್ರತಿ ವಾರ ಲೆಕ್ಕ ಕೇಳಿದ್ದರೆ ಆ ಚೀಟಿ ಅವತ್ತೇ ಸಿಗುತ್ತಿತ್ತು.

ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಮಾಡಿಸಿ, ಪ್ರತಿ ತಿಂಗಳು ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. ಆಮೇಲೆ ಅವನು ಸಭೆಯಲ್ಲಿ ಕೇಳೋದಕ್ಕೆ ಏನೂ ಉಳಿಯಲ್ಲ.

ಪ್ರಶ್ನೆ: ಮಗಳು ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲುತ್ತೇನೆ ಅಂತಾಳೆ. ಓದು ಹಾಳಾಗಲ್ವಾ?
— ಒಬ್ಬ ತಾಯಿ, ಮಂಡ್ಯ

ಉತ್ತರ: ಸ್ವಲ್ಪ ಆಗಬಹುದು ಅಮ್ಮ. ಹಾಜರಾತಿ 75%ಗಿಂತ ಕೆಳಗೆ ಬರಬಾರದು ಅಂತ ಮನೆಯಲ್ಲೇ ಒಂದು ಲಿಂಗ್ಡೋ ನಿಯಮ ಮಾಡಿ, ನಿಲ್ಲಲು ಬಿಡಿ. ನಡಾವಳಿ ಬರೆಯುವುದು, ಅರ್ಜಿ ಬರೆಯುವುದು, ಸಿಟ್ಟು ಬಂದವರ ಎದುರು ಸಮಾಧಾನವಾಗಿ ಮಾತಾಡುವುದು, ಇವು ಅವಳ ಸಿಲಬಸ್‌ನಲ್ಲಿ ಇಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಹುಡುಗಿಯರನ್ನು ಯಾವಾಗಲೂ ಜಂಟಿ ಕಾರ್ಯದರ್ಶಿ ಅಥವಾ ಸಾಂಸ್ಕೃತಿಕ ಕಾರ್ಯದರ್ಶಿ ಮಾಡಿ ಹೂಗುಚ್ಛ ಕೊಡಿಸುವ ಅಭ್ಯಾಸ ಸಂಘಗಳಿಗಿದೆ. ಅವಳು ಕಾರ್ಯದರ್ಶಿಗೇ ನಿಲ್ಲುತ್ತಿದ್ದಾಳೆ ಅಂದರೆ ನನಗಂತೂ ಖುಷಿ.

ಪ್ರಶ್ನೆ: ನಮ್ಮಲ್ಲಿ ಇಬ್ಬರಿಗೂ 61 ವೋಟು ಬಂದಿದೆ. ಜಗಳ ನಿಂತಿಲ್ಲ. ಚೀಟಿ ಎತ್ತಬಹುದಾ? ಒಂದು ವೋಟಿಗೆ ಇಷ್ಟೆಲ್ಲ ಬೇಕಾ?
— ಓದುಗರು, ಚಾಮರಾಜನಗರ

ಉತ್ತರ: ಚಾಮರಾಜನಗರದವರು ಈ ಪ್ರಶ್ನೆ ಕೇಳೋದೇ? 2004ರ ವಿಧಾನಸಭೆ ಚುನಾವಣೆಯಲ್ಲಿ ನಿಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲೇ ಅಲ್ವಾ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಒಂದೇ ಒಂದು ವೋಟಿನಿಂದ ಗೆದ್ದದ್ದು!

ಚೀಟಿ ಎತ್ತಬಹುದು. ವಿಧಾನಸಭೆ, ಲೋಕಸಭೆಗೂ ಸಮಸಮ ಬಂದರೆ ಅದೇ ಕ್ರಮ. ಆದರೆ ಅದಕ್ಕೆ ಮುಂಚೆ ಮತಪತ್ರಗಳನ್ನು ಇಬ್ಬರ ಏಜೆಂಟರ ಎದುರು ಇನ್ನೊಂದು ಸಲ ಎಣಿಸಿ, ತಿರಸ್ಕರಿಸಿದ ಚೀಟಿಗಳನ್ನೂ ತೋರಿಸಿ. ಆಗಲೂ 61 ಬಂದರೆ ಎರಡು ಚೀಟಿ ಒಂದೇ ಅಳತೆಗೆ ಕತ್ತರಿಸಿ, ಒಂದೇ ಥರ ಮಡಚಿ, ಸ್ಟೀಲ್ ಡಬ್ಬಿಗೆ ಹಾಕಿ, ಅಡುಗೆಯವರ ಮಗು ಯಾವುದಾದರೂ ಇದ್ದರೆ ಅದರ ಕೈಯಲ್ಲಿ ಎತ್ತಿಸಿ. ಸೋತವರ ಸಹಿಯನ್ನು ನಡಾವಳಿ ಪುಸ್ತಕದಲ್ಲಿ ಆಗಲೇ ತೆಗೆದುಕೊಳ್ಳಿ, ಬೆಳಿಗ್ಗೆವರೆಗೆ ಕಾಯಬೇಡಿ.